ನಿನ್ನ ಚಿತ್ತ, ನಿಮ್ಮ ಚಿತ್ತ

ರೈಲು ಮಾಲೂರು ದಾಟುವಾಗ ಎದುರಿನ ಸೀಟಿನವರು ನೀಲಗಿರಿ ಎಣ್ಣೆಯ ಸೀಸೆ ತೆಗೆದು ಮಂಡಿಗೆ ಹಚ್ಚಿಕೊಂಡರು. ಆ ಘಾಟಿಗೆ ದೊಡ್ಡಮ್ಮ ನೆನಪಾದರು.

ನೆಂಟರೇನಲ್ಲ. ನಮ್ಮ ಬೀದಿಯಲ್ಲಿದ್ದ ಒಂದೇ ಕ್ರೈಸ್ತರ ಮನೆ ಅವರದು, ನಮ್ಮ ಗೋಡೆಗೆ ಅಂಟಿಕೊಂಡಿತ್ತು. ಅವರ ಗಂಡ, ನಮಗೆ ದೊಡ್ಡಪ್ಪ, ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದವರು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲು ಕಪ್ಪಾಗುತ್ತಾ ಬಂದಿತ್ತು. ಬಲಗಾಲೋ, ಎಡಗಾಲೋ... ಅದೇ ಖಚಿತವಿಲ್ಲದಿರುವಾಗ ನನ್ನ ಉಳಿದ ನೆನಪನ್ನು ಎಷ್ಟು ನಂಬಲಿ?

ಕೋಲಾರದ ಆಸ್ಪತ್ರೆಗೆ ಅವರ ಜೊತೆ ನಾನೂ ಹೋಗಿದ್ದೆ. ಆಗ ತತ್ವಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ, ಇವತ್ತೇ ತೀರ್ಮಾನಿಸಿ ಎಂದು ಹೇಳಿ ಡಾಕ್ಟರು ಹೊರಗೆ ಹೋದರು.

“ಏನ್ಲಾ ಯೂನಿವರ್ಸಿಟಿ, ಎಲ್ಲಾ ದೇವರ ತೀರ್ಮಾನ ಅಂತಾಳೆ ಇವಳು, ನಿನ್ನ ಪುಸ್ತಕ ಏನಂತದೆ?” ದೊಡ್ಡಪ್ಪ ಮಲಗಿದ್ದಲ್ಲಿಂದಲೇ ಕೆಣಕಿದರು.

“ಎಲ್ಲಾ ದೇವರೇ ತೀರ್ಮಾನ ಮಾಡಿಬಿಟ್ಟಿದ್ರೆ ಡಾಕ್ಟ್ರು ನಿಮ್ಮನ್ಯಾಕೆ ಕೇಳ್ಬೇಕು ದೊಡ್ಡಪ್ಪ?”

“ಅವನು ದಾರಿ ತೋರಿಸ್ತಾನೆ, ಕತ್ತು ಹಿಡ್ದು ದಬ್ಬಲ್ಲ ಕಣೋ,” ಎಂದರು ದೊಡ್ಡಮ್ಮ. ಆಮೇಲೆ ಗಂಡನ ಕಡೆ ತಿರುಗಿ, “ಕಾಲು ಹೋದ್ರೆ ಹೋಗ್ಲಿ. ಮನೇಲಿ ಕೂತಿರಿ, ನಂಗಷ್ಟೇ ಸಾಕು.”

“ಎರಡು ಕಾಲಲ್ಲಿ ಬಂದೋನು, ಎರಡರಲ್ಲೇ ಹೋಗ್ತೀನಿ.”

ದೊಡ್ಡಮ್ಮ ಮಂಚದ ಅಂಚಿಗೆ ಹಣೆಯಿಟ್ಟು ಕಣ್ಣು ಮುಚ್ಚಿಕೊಂಡರು. ಹಾಗೆಯೇ, ತಲೆಯೆತ್ತದೆ, ಎರಡೇ ಮಾತು ಹೇಳಿದರು.

“ನಿನ್ನ ಚಿತ್ತ.”

ಅಥವಾ, “ನಿಮ್ಮ ಚಿತ್ತ.”

ದೇವರನ್ನು ಅವರು ನೀನು ಎನ್ನುತ್ತಿದ್ದರು, ಗಂಡನನ್ನು ನೀವು. ಮೊದಲನೆಯದಾದರೆ ಅದು ಪ್ರಾರ್ಥನೆ. ಎರಡನೆಯದಾದರೆ, ನಿಮ್ಮಿಷ್ಟದಂತೆ ಮಾಡಿ ಎಂದು ಕೈಬಿಟ್ಟಂತೆ. ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಅಷ್ಟು ಹತ್ತಿರ ನಿಂತಿದ್ದರೂ ನನಗೆ ಕೇಳಿಸಿದ್ದು ಯಾವುದು... ಒಂದು ದಿನ ಒಂದು ಅನ್ನಿಸುತ್ತದೆ, ಮರುದಿನ ಇನ್ನೊಂದು.

ದೊಡ್ಡಪ್ಪನಿಗೆ ಸಂಶಯವೇ ಇರಲಿಲ್ಲ. “ಅವಳೇ ಹೇಳಿದ್ಲಲ್ಲ, ನಡೀರಿ ಮನೆಗೆ,” ಎಂದು ಎದ್ದು ಕೂತರು. ದೊಡ್ಡಮ್ಮ ತಲೆಯೆತ್ತಿ ಅವರನ್ನು ನೋಡಿದರು, ಅಲ್ಲವೆನ್ನಲಿಲ್ಲ. ಅವರ ಕಾಲಿಗೆ ಚಪ್ಪಲಿ ಸಿಕ್ಕಿಸಿದರು. ಆ ವರ್ಷ ಅವರ ಬಾಗಿಲಿಗೆ ಕ್ರಿಸ್ಮಸ್ ನಕ್ಷತ್ರ ಕಟ್ಟುವ ಮೊದಲೇ ದೊಡ್ಡಪ್ಪ ತೀರಿಕೊಂಡರು.

ಎಷ್ಟೋ ವರ್ಷಗಳ ನಂತರ ಒಮ್ಮೆ, ಜಗಲಿಯಲ್ಲಿ ಕೂತು ತಮ್ಮ ಮಂಡಿಗೆ ಅದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವರನ್ನು ಕೇಳಿಬಿಟ್ಟೆ. “ಅವತ್ತು ಯಾರಿಗೆ ಹೇಳಿದ್ರಿ ದೊಡ್ಡಮ್ಮ?”

ಅವರು ಇನ್ನೊಂದು ಮಂಡಿಗೆ ಎಣ್ಣೆ ಸುರಿದುಕೊಂಡರು.

“ಇಬ್ರೂ ಅಲ್ಲೇ ಇದ್ರಲ್ಲಪ್ಪ. ಒಬ್ರಿಗೆ ಕೇಳಿಸ್ತು.”

ಈ ಮಾತನ್ನಾದರೂ ಅವರೇ ಆಡಿದರೋ, ಅವರು ಹೋದ ಮೇಲೆ ನಾನೇ ಕಟ್ಟಿಕೊಂಡೆನೋ... ಎದುರಿನವರು ಸೀಸೆ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ನಾನು ಬಾಯೊಳಗೇ ಎರಡನ್ನೂ ಹೇಳಿ ನೋಡಿದೆ, ನಿನ್ನ, ನಿಮ್ಮ. ರೈಲಿನ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳಿಸಿದವು. ಇನ್ನೊಮ್ಮೆ ಕೇಳೋಣವೆಂದರೆ ದೊಡ್ಡಮ್ಮ ಇಲ್ಲ.