ಚಿಕ್ಕಮ್ಮ ಹತ್ತಿದ ಹಸಿರು ದಾರಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುತ್ತಿದ್ದ ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ಚಿಕ್ಕಮ್ಮ ಎಂದೇ. ಅಕ್ಕನ ಮಗಳೂ ಅಲ್ಲೇ ಕೆಲಸಕ್ಕಿದ್ದುದರಿಂದ ಬಂದ ಹೆಸರು ಅದು; ನಾಲ್ಕೂವರೆ ಅಡಿಯ ಆಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಬಿಟ್ಟಿತು. ವಯಸ್ಸು ನಲವತ್ತೇಳು. ಬೆರಳು ಗಟ್ಟಿ, ಬಾಯಿ ಇನ್ನೂ ಗಟ್ಟಿ.

ಒಂದು ಭಾನುವಾರ ಅಕ್ಕನ ಮಗಳು ಅವಳನ್ನು ಪುಸಲಾಯಿಸಿ ಗೋಡೆ ಹತ್ತುವ ಹಾಲ್‌ಗೆ ಕರೆದೊಯ್ದಳು. ಹಳೆಯ ಗೋದಾಮು. ಆರಾಳೆತ್ತರದ ಗೋಡೆಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳು; ಒಂದೇ ಬಣ್ಣ ಹಿಡಿದು ಮೇಲಕ್ಕೆ ಹೋದರೆ ಅದೊಂದು ದಾರಿ. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಕೆಳಗೆ ನಿಂತ ಅಕ್ಕನ ಮಗಳ ಕೈಯಲ್ಲಿ. ಚಿಕ್ಕಮ್ಮನಿಗೆ ಅವತ್ತೇ ಹುಚ್ಚು ಹಿಡಿಯಿತು.

ಮೂರು ತಿಂಗಳಲ್ಲಿ ಸುಲಭದ ದಾರಿಗಳು ಮುಗಿದವು. ಉಳಿದವುಗಳಲ್ಲಿ ಎಲ್ಲಾದರೊಂದು ಕಡೆ ಮುಂದಿನ ಹಿಡಿಕೆ ಅವಳ ಕೈಗಿಂತ ಒಂದು ಗೇಣು ಮೇಲಿರುತ್ತಿತ್ತು. ಹಿಡಿಕೆ ಜೋಡಿಸುವವನು ಆರಡಿ ಮೀರಿದ ಒಣಕಲು ಆಸಾಮಿ. ಏಣಿಯ ಮೇಲೆ ಬೋಲ್ಟ್ ಬಿಗಿಯುತ್ತಿದ್ದವನನ್ನು ಚಿಕ್ಕಮ್ಮ ತರಾಟೆಗೆ ತೆಗೆದುಕೊಂಡಳು.

"ಏನಪ್ಪಾ, ಇದನ್ನೆಲ್ಲ ಜಿರಾಫೆಗೆ ಅಂತ ಮಾಡಿದ್ದೀಯಾ?"

ಅವನು ಇಳಿದು ಬಂದ. "ಎಲ್ಲಿ ಸಿಗಲ್ಲ? ತೋರಿಸಿ."

ಅವಳು ಹತ್ತಿ ತೋರಿಸಿದಳು. ಅವನು ತಲೆ ಕೆರೆದುಕೊಂಡ. "ನಿಜ ಕಣಮ್ಮಾ. ನನ್ನ ಕೈಯಲ್ಲೇ ಅಳೆದುಬಿಟ್ಟಿದ್ದೀನಿ. ಒಂದು ವಾರ ಟೈಮ್ ಕೊಡಿ."

"ಸುಲಭ ಗಿಲಭ ಮಾಡಿದ್ರೆ ನಾನು ಹತ್ತಲ್ಲ, ಈಗ್ಲೇ ಹೇಳಿದೀನಿ."

ಮುಂದಿನ ಭಾನುವಾರ ಗೋಡೆಯ ಮೇಲೆ ಹೊಸ ಹಸಿರು ದಾರಿ ಇತ್ತು. ಐದು ಹಿಡಿಕೆ ಸಲೀಸಾಗಿ ಹೋದವು. ಆರನೆಯದರ ಹತ್ತಿರ ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಎಗರಿದಳು, ಬಿದ್ದಳು, ಹಗ್ಗದಲ್ಲಿ ತೂಗಾಡಿದಳು. ಮತ್ತೆ ಎಗರಿದಳು, ಮತ್ತೆ ಅದೇ ಕಥೆ. ಮೂರನೇ ಸಲ ಎಗರುವುದನ್ನು ಬಿಟ್ಟು ಸುಮ್ಮನೆ ಕೆಳಗೆ ನೋಡಿದಳು. ಮೊಣಕಾಲಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದಪ್ಪದ ಒಂದು ಹಸಿರು ಚೂರು! ಬಲಗಾಲಿನ ತುದಿಯನ್ನು ಅದರ ಮೇಲಿಟ್ಟು ಸೊಂಟವನ್ನು ಗೋಡೆಗೆ ತಿರುಗಿಸಿದ್ದೇ ತಡ, ಯಾರೋ ಎತ್ತಿಕೊಂಡ ಹಾಗೆ ಮೈ ಮೇಲೆದ್ದಿತು. ಕೈ ತಾನೇ ಹೋಗಿ ಆರನೆಯದನ್ನು ಹಿಡಿಯಿತು.

"ಅಯ್ಯೋ, ಇಲ್ಲೇ ಇತ್ತಲ್ಲೇ!"

ಅಲ್ಲಿಂದಾಚೆ ಎಡಗೈ ಸೋತಲ್ಲಿ ಬಲಗಾಲಿಗೆ ಜಾಗ, ಮೈ ವಾಲಿದ ಕಡೆಗೇ ಹಿಡಿಕೆ. ಪಳಗಿದ ಜೊತೆಗಾರ್ತಿಯೊಂದಿಗೆ ಬೆಡ್‌ಶೀಟ್ ಮಡಿಸುವಾಗ ಎದುರಿನ ಕೈ ಕೇಳದೆಯೇ ಬಂದು ತುದಿ ಕೊಡುತ್ತದಲ್ಲ, ಹಾಗೆ. ತೋಳು ಉರಿಯುತ್ತಿತ್ತು, ಬಾಯಿ ಕಿವಿಯವರೆಗೆ ಹಿಗ್ಗಿತ್ತು. ಕೊನೆಯ ಹಿಡಿಕೆಗೆ ಎರಡೂ ಕೈ ಹಾಕಿ ಅವಳು ಜೋರಾಗಿ ನಕ್ಕಳು.

"ಇಳಿಸ್ಲಾ, ಚಿಕ್ಕಮ್ಮಾ?"

"ತಡಿಯೇ, ಇನ್ನೂ ನಗು ಮುಗಿದಿಲ್ಲ."

ಕೆಳಗಿಳಿದಾಗ ಒಣಕಲು ಆಸಾಮಿ ಕೈಕಟ್ಟಿ ನಿಂತಿದ್ದ. "ನಿಮ್ಮೆತ್ತರಕ್ಕೆ ಬರೋಕೆ ಮಂಡಿಯೂರಿ ಅಳೆದೆ ಕಣಮ್ಮಾ. ಮಂಡಿ ಇನ್ನೂ ನೋಯ್ತಿದೆ."

"ನೋಯ್ಲಿ ಬಿಡು. ಚೆನ್ನಾಗಿ ಮಾಡಿದ್ದೀಯ," ಎಂದು ಅವನ ಬೆನ್ನು ತಟ್ಟಿದಳು.

ಅಷ್ಟರಲ್ಲಿ ಪ್ರತಿ ಭಾನುವಾರ ಬರುವ ಉದ್ದನೆಯ ಮೇಷ್ಟ್ರು ಅದೇ ದಾರಿ ಹತ್ತಹೋಗಿ, ಆರನೆಯದರ ಬಳಿ ಕಾಲು ಮಡಿಸಲಾಗದೆ ಮೊಣಕಾಲು ಗಲ್ಲಕ್ಕೆ ಬಡಿದು ಕೆಳಗೆ ಬಂದರು.

"ಅಲ್ಲಿ ಹೇಗೆ ಹೋದ್ರಮ್ಮಾ? ಸ್ವಲ್ಪ ಹೇಳ್ಕೊಡಿ."

ಚಿಕ್ಕಮ್ಮ ಹೇಳಲು ಬಾಯಿ ತೆರೆದವಳು, ಏನೋ ಯೋಚಿಸಿ ಮುಚ್ಚಿಕೊಂಡಳು.

"ನೀವು ಮಕ್ಕಳಿಗೆ ಉತ್ತರ ಮೊದಲೇ ಹೇಳ್ಬಿಡ್ತೀರಾ ಮೇಷ್ಟ್ರೇ?"

ಮೇಷ್ಟ್ರು ಗಲ್ಲ ಉಜ್ಜಿಕೊಳ್ಳುತ್ತ ಮತ್ತೆ ಗೋಡೆಗೆ ಕೈ ಹಚ್ಚಿದರು. ಚಿಕ್ಕಮ್ಮ ಮ್ಯಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವರ ಕಾಲು ಆ ಚೂರಿನ ಹತ್ತಿರ ಬಂದಾಗಲೆಲ್ಲ ತುಟಿ ಕಚ್ಚಿಕೊಂಡಳು.