ಒಂದು ಹನಿಯೂ ಸೋರದ ಕಾರು

ಬೆಳಿಗ್ಗೆ ಎದ್ದ ಕೂಡಲೇ ಕಾರಿನ ಕೆಳಗೆ ಬಗ್ಗಿ ನೋಡುವ ಚಟ ನನ್ನನ್ನು ಈಗಲೂ ಬಿಟ್ಟಿಲ್ಲ. ಮುಖ ತೊಳೆಯುವುದು, ಚಹಾ ಕುಡಿಯುವುದು ಎಲ್ಲ ಆಮೇಲೆ. ನಾಲ್ಕೂ ಗಾಲಿಗಳ ಪಕ್ಕ ಹಿಂದಿನ ದಿನದ ಪೇಪರು ಹಾಸಿರುತ್ತೇನೆ. ಅದರ ಮೇಲೆ ಎಣ್ಣೆಯ ಕಲೆ ಬಿದ್ದಿದೆಯೇ ಎಂದು ನೋಡುತ್ತೇನೆ. ಇಡೀ ಯಲಬುರ್ಗಾದಲ್ಲಿ ಪೇಪರನ್ನು ಹೀಗೆ ಮಂಡಿಯೂರಿ ಓದುವವನು ನಾನೊಬ್ಬನೇ ಎಂದು ಅಕ್ಕ ನಗುತ್ತಿದ್ದಳು. ಅಕ್ಕ ಈಗ ಇಲ್ಲ. ಕಾರು ಇದೆ. ಇದು ಹಿಂದುಮುಂದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ದಿನವೂ ಅನ್ನಿಸುತ್ತದೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕುಷ್ಟಗಿಯಲ್ಲಿ ಅಂಗನವಾಡಿ ನಡೆಸುತ್ತಿದ್ದವಳು, ನಿವೃತ್ತಿಯಾದ ಮೇಲೆ ನನ್ನ ಮನೆಗೆ ಬಂದು ಉಳಿದಳು. ನಾನು ಇಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ, ಮದುವೆ ಗಿದುವೆ ಆಗದೆ ಉಳಿದ ಒಂಟಿ ಮನುಷ್ಯ. ಬಂದ ಮೂರನೆಯ ವರ್ಷಕ್ಕೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ ಮತ್ತು ಗುರುವಾರ ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು, ತಪ್ಪಿಸಿದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆ ಕಾಯಿಲೆ ಅವಳ ಎಲುಬುಗಳನ್ನೂ ಟೊಳ್ಳು ಮಾಡಿತ್ತು.

"ಗಾಡ್ಯಾಗ ಜಿಗಿಸಿ ಕರ್ಕೊಂಡ ಬರಬ್ಯಾಡ್ರಿ, ಅವರ ಬೆನ್ನಿಗೆ ಪೆಟ್ಟು ತಡಿಯೂ ಶಕ್ತಿ ಇಲ್ಲ" ಎಂದು ಅಲ್ಲಿನ ನರ್ಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಬಸ್ಸು ಆಗದ ಮಾತು. ಉಳಿದದ್ದು ನನ್ನ ಕಾರು.

ಕಾರಿಗೆ ಇಪ್ಪತ್ತು ವರ್ಷ ದಾಟಿತ್ತು. ಗಾಲಿಯ ಹತ್ತಿರ ಸ್ಪ್ರಿಂಗಿನ ಜೊತೆಗೆ ಒಂದು ಕೊಳವೆ ಇರುತ್ತದೆ, ಅದರೊಳಗೆ ಎಣ್ಣೆ. ಗಾಲಿ ತಗ್ಗಿಗೆ ಬಿದ್ದಾಗ ಆ ಎಣ್ಣೆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದಕ್ಕೆ ಶಾಕಪ್ ಎನ್ನುತ್ತಾರೆ. ನನ್ನ ಕಾರಿನ ನಾಲ್ಕೂ ಶಾಕಪ್ಪುಗಳು ಸೋರುತ್ತಿದ್ದವು. ಎಣ್ಣೆ ಖಾಲಿಯಾದಾಗ ಒಂದು ಹಂಪು ದಾಟಿದರೆ ಸಾಕು, ಕಾರು ನಾಲ್ಕು ಸಲ ಮೇಲೆ ಕೆಳಗೆ ತೂಗುತ್ತಿತ್ತು.

"ಈ ವಯಸ್ಸಿನ್ಯಾಗ ನನ್ನ ತೊಟ್ಟಿಲದಾಗ ಹಾಕಿ ತೂಗಾಕತ್ತೀಯಲ್ಲೋ" ಎಂದು ಅಕ್ಕ ಹಿಂದಿನ ಸೀಟಿನಿಂದ ಅಣಕಿಸುತ್ತಿದ್ದಳು. ಅವಳಿಗೆ ತಮಾಷೆ, ನನಗೆ ಮೈಯೆಲ್ಲ ಉರಿ.

ಕೊಪ್ಪಳದ ಮೆಕ್ಯಾನಿಕ್ ಒಬ್ಬ ಶಾಕಪ್ ಬಿಚ್ಚಿ, ಎಣ್ಣೆ ತಡೆಯುವ ರಬ್ಬರ್ ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ ಕೊಟ್ಟ. ಎಂಟನೆಯ ದಿನ ಪೇಪರಿನ ಮೇಲೆ ಅಂಗೈಯಗಲ ಕಲೆ. ಮತ್ತೆ ಬಿಚ್ಚಿದ, ಮತ್ತೆ ಸೋರಿತು. ಒಳಗಿನ ರಾಡಿಗೆ ತುಕ್ಕು ಹತ್ತಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಹಾಕಿದ ಸೀಲನ್ನೆಲ್ಲ ಅವೇ ಕೊರೆಯುತ್ತಿದ್ದವು. ಹೊಸದು ತರೋಣವೆಂದರೆ ಆ ಮಾದರಿಯ ಕಾರು ಬರುವುದೇ ನಿಂತು ಎಷ್ಟೋ ಕಾಲವಾಗಿತ್ತು. ಬೇರೆ ಕಾರಿನದು ತಂದರೆ ಬೋಲ್ಟು ಕೂರಲಿಲ್ಲ. ಮೂರನೆಯ ಸಲ ಹೋದಾಗ ಅವನು ಕೈ ಒರೆಸಿಕೊಳ್ಳುತ್ತ, "ಸಾಕ್ರಿ ಸರ, ಇದಕ್ಕ ಮುಕ್ತಿ ಕೊಟ್ಟಬಿಡ್ರಿ" ಎಂದ. ಅವನ ಜೊತೆ ಜಗಳವಾಡಿ ಬಂದೆ.

ನನ್ನ ಸಿಟ್ಟಿನ ಬುಡ ಈಗ ನನಗೆ ಗೊತ್ತಾಗುತ್ತದೆ. ಅಕ್ಕನ ಕಿಡ್ನಿಗೆ ನಾನು ಏನೂ ಮಾಡುವಂತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ತಾಸು ಕೈಕಟ್ಟಿ ಕೂರುವುದಷ್ಟೇ ನನ್ನ ಪಾಲಿನ ಕೆಲಸ. ಶಾಕಪ್ಪಿಗಾದರೂ ನಾನು ಏನಾದರೂ ಮಾಡಬಹುದಿತ್ತು. ಹಾಗಾಗಿ ಅದನ್ನೇ ಹಟಕ್ಕೆ ಬಿದ್ದು ಹಿಡಿದೆ.

ಕಚೇರಿಯ ಕೆಲಸಕ್ಕೆ ಗಂಗಾವತಿಗೆ ಹೋದವನು ಒಂದು ದಿನ ಹಾಗೇ ಶ್ರೀರಾಮನಗರದ ಕಡೆ ಹೊರಳಿದೆ. ಭತ್ತದ ಕೊಯ್ಲು ನಡೆದಿತ್ತು. ರಸ್ತೆ ಬದಿಯ ಶೆಡ್ಡಿನಲ್ಲಿ ತೆಲುಗು ಮನೆಮಾತಿನ ಒಬ್ಬ ಮೆಕ್ಯಾನಿಕ್ ಕೊಯ್ಲಿನ ಯಂತ್ರವೊಂದನ್ನು ಬಿಚ್ಚಿಕೊಂಡು ಕುಳಿತಿದ್ದ. ದಿನವಿಡೀ ಕೆಸರಿನಲ್ಲಿ ಹೊರಳಾಡುವ ಯಂತ್ರ ಅದು. ಅದರ ಎಣ್ಣೆಯ ಕೊಳವೆಗಳು ಮಾತ್ರ ಬೆಳಗಿಟ್ಟ ತಂಬಿಗೆಯಂತೆ ಒಣಗಿ ಹೊಳೆಯುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು.

"ಇದಕ್ಕ ಹಾಕೂ ಸೀಲು, ಇದಕ್ಕ ಹಾಕೂ ಎಣ್ಣಿನ ನನ್ನ ಕಾರಿಗೆ ಹಾಕು" ಎಂದೆ.

ಅವನು ತಲೆ ಅಲ್ಲಾಡಿಸಿದ. "ಬ್ಯಾಡಂಡಿ. ಇದು ಗಟ್ಟಿ ಎಣ್ಣಿ. ಕಾರಿಗೆ ತೆಳುವು ಬೇಕು. ಸೋರಂಗಿಲ್ಲ ಖರೆ, ಆದ್ರ ಪೆಟ್ಟ ನುಂಗಂಗಿಲ್ಲ, ಒಳಗ ಕುಂತಾವ್ರಿಗೆ ಹೊಡಿತೈತಿ."

"ಕುಂತಾವ್ರು ನಾವು. ನಾವು ನೋಡ್ಕೊಂತೀವಿ. ನೀ ಸೋರೂದ ನಿಲ್ಲಸು."

ಅವನು ಇನ್ನೊಮ್ಮೆ ಹೇಳಿ ನೋಡಿದ. ನಾನು ಜಗ್ಗಲಿಲ್ಲ. ಎರಡು ದಿನ ಕಾರು ಇಟ್ಟುಕೊಂಡು, ರಾಡುಗಳನ್ನು ಲೇತಿಗೆ ಹಾಕಿ ನುಣುಪು ಮಾಡಿ, ದಪ್ಪ ಸೀಲು ಕೂರಿಸಿ, ಗಟ್ಟಿ ಎಣ್ಣೆ ತುಂಬಿ ಕೊಟ್ಟ.

ಮರುದಿನ ಬೆಳಿಗ್ಗೆ ಪೇಪರು ಒಣಗಿತ್ತು. ಅದರ ಮರುದಿನವೂ. ಹದಿನೈದು ದಿನವಾದರೂ ಒಂದು ಚುಕ್ಕೆ ಇಲ್ಲ. ಕಚೇರಿಯಲ್ಲಿ ಎಲ್ಲರ ಕಿವಿ ತೂತಾಗುವಷ್ಟು ಇದನ್ನೇ ಹೇಳಿದೆ. ಅಕ್ಕ ಬಾಗಿಲಲ್ಲಿ ನಿಂತು, "ಪೇಪರ್ ಏನ್ ಸುದ್ದಿ ಹೇಳ್ತೈತಿ ಇವತ್ತ?" ಎಂದು ಕೇಳುತ್ತಿದ್ದಳು. "ಏನೂ ಸುದ್ದಿ ಇಲ್ಲ!" ಎಂದು ನಾನು ಕೂಗುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡಿ, "ಛಲೋ ಆತು ಬಿಡು" ಎನ್ನುತ್ತಿದ್ದಳು.

ಕಾರು ಸ್ವಲ್ಪ ಬಿರುಸಾಗಿದ್ದು ನನಗೆ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದಿತ್ತು. ಗಟ್ಟಿಮುಟ್ಟಾಗಿದೆ ಎಂದುಕೊಂಡೆ. ನಡೆಸುವವನ ಕೈಯಲ್ಲಿ ಸ್ಟಿಯರಿಂಗ್ ಇರುತ್ತದೆ, ಬರುವ ತಗ್ಗು ಕಣ್ಣಿಗೆ ಮೊದಲೇ ಕಾಣುತ್ತದೆ, ಮೈ ತಾನಾಗಿ ಬಿಗಿಯಾಗುತ್ತದೆ. ಹಿಂದಿನ ಸೀಟು ನೇರ ಗಾಲಿಯ ಮೇಲೆಯೇ ಇದೆ. ಅಲ್ಲಿ ನಾನು ಒಂದು ಸಲವೂ ಕೂತವನಲ್ಲ.

ಅಕ್ಕ ಮೊದಲು ಏನೂ ಹಾಸಿಕೊಳ್ಳದೆ ಕೂರುತ್ತಿದ್ದಳು. ಆಮೇಲೆ ಒಂದು ಕೌದಿ ಮಡಚಿ ತಂದಳು. ಕೆಲವೇ ದಿನಕ್ಕೆ ಎರಡಾದವು, ಮೂರಾದವು. "ಕಾರಿನ್ಯಾಗ ಕೌದಿ ಅಂಗಡಿ ಇಟ್ಟೀಯೇನು?" ಎಂದು ಛೇಡಿಸಿದೆ. "ಥಂಡಿ ಹತ್ತತೈತೋ" ಎಂದಳು. ಅದು ಬಿಸಿಲುಗಾಲ. ಕೊಪ್ಪಳದ ಬಿಸಿಲಿನಲ್ಲಿ ಥಂಡಿ ಎಂದವಳ ಮಾತನ್ನು ನಾನು ನಂಬಿದೆ, ಕಾಯಿಲೆಯ ಮೈ ಎಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿರುತ್ತಿದ್ದಳು. ಅದನ್ನು ನಿದ್ದೆ ಎಂದುಕೊಂಡೆ. ಅಣಕಿಸುವುದನ್ನೂ ಅವಳು ಬಿಟ್ಟಿದ್ದಳು. ದಾರಿಯಲ್ಲಿ ಮಾತೇ ಇಲ್ಲ.

ಆಮೇಲೆ ಗುರುವಾರಗಳು ತಪ್ಪತೊಡಗಿದವು. ಒಂದು ಸಲ ಉಪವಾಸ, ಒಂದು ಸಲ ಹೊಟ್ಟೆ ಸರಿ ಇಲ್ಲ, ಒಂದು ಸಲ ಬರಿ ಬೇಸರ. ಕಾಲು ಬಾತವು, ಮೆಟ್ಟಿಲು ಹತ್ತಿದರೆ ಉಬ್ಬಸ. ನಾನು ಕೈ ಮುಗಿದೆ, ಅವಳೆದುರು ಊಟ ಬಿಟ್ಟೆ. ಒಂದು ಬೆಳಿಗ್ಗೆ ಸಿಟ್ಟು ನೆತ್ತಿಗೇರಿ ಅಂಗಳದಲ್ಲಿ ನಿಂತು ಕೂಗಾಡಿದೆ:

"ನಿನ್ನ ಸಲುವಾಗಿ ಗಂಗಾವತಿ ಮಟಾ ಹೋಗಿ ಗಾಡಿ ರಿಪೇರಿ ಮಾಡಿಸೇನಿ. ಒಂದ ಹನಿ ಸೋರಂಗಿಲ್ಲ. ಸುಮ್ನ ಕುಂತ ಬರಾಕ ಏನ ಧಾಡಿ ಬಂದೈತಿ ನಿನಗ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೌದಪಾ, ಗಾಡಿ ಭಾಳ ಛಲೋ ಮಾಡಿಸೀದಿ. ನನಗ ಸಾಕಾಗೈತಿ, ಅಷ್ಟ."

ಕೊನೆಯ ಹತ್ತು ದಿನ ಅವಳು ಹೋಗಲೇ ಇಲ್ಲ. ಒಂದು ಸೋಮವಾರ ಬೆಳಿಗ್ಗೆ, ನಾನು ಅವಳನ್ನು ಎತ್ತಿಕೊಂಡಾದರೂ ಹೋಗುವುದೆಂದು ಕಾರನ್ನು ಬಾಗಿಲಿಗೆ ತಂದು ಒಳಗೆ ಬಂದಾಗ ಅವಳ ಉಸಿರು ನಿಂತಿತ್ತು. ಕಾರಿನ ಇಂಜಿನ್ ಹೊರಗೆ ಓಡುತ್ತಲೇ ಇತ್ತು. ಅದನ್ನು ಬಂದ್ ಮಾಡಿದವರು ಯಾರೋ ನೆನಪಿಲ್ಲ.

ತಿಂಗಳು ಕಳೆದ ಮೇಲೆ ಉಳಿದ ಔಷಧಿಗಳನ್ನು ಬೇರೆ ಯಾರಿಗಾದರೂ ಆಗಲಿ ಎಂದು ಆಸ್ಪತ್ರೆಗೆ ಕೊಡಲು ಹೊರಟೆ. ಸ್ಟಿಯರಿಂಗ್ ಹಿಡಿಯಲು ಕೈ ಬರಲಿಲ್ಲ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ತಾನು ನಡೆಸುತ್ತೇನೆಂದು ಬಂದರು. ಮುಂದಿನ ಸೀಟಿನಲ್ಲಿ ಔಷಧಿಯ ರಟ್ಟಿನ ಪೆಟ್ಟಿಗೆ ಇಟ್ಟಿದ್ದರಿಂದ ನಾನು ಹಿಂದೆ ಕೂತೆ. ಕೌದಿಗಳು ಅಲ್ಲೇ ಇದ್ದವು. ಎತ್ತಿ ಪಕ್ಕಕ್ಕೆ ಇಟ್ಟೆ.

ಊರು ದಾಟಿದ ಮೇಲೆ ಮೊದಲ ತಗ್ಗು ಬಂತು. ಯಾರೋ ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ಬೆನ್ನಿನ ಬುಡದಿಂದ ಹಲ್ಲಿನವರೆಗೆ ಪೆಟ್ಟು ಹತ್ತಿತು. ಎರಡನೆಯದಕ್ಕೆ ನಾನು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡೆ. ನನ್ನ ಎಲುಬುಗಳು ಗಟ್ಟಿ ಇವೆ, ಆದರೂ ಬಾಯಿಂದ ಸದ್ದು ಬಂತು. ಒಂದು ಕೌದಿ ಎಳೆದು ಕೆಳಗೆ ಹಾಕಿಕೊಂಡೆ. ಸಾಲಲಿಲ್ಲ. ಇನ್ನೊಂದು ಹಾಕಿಕೊಂಡೆ. ಕುಕನೂರು ಬರುವಷ್ಟರಲ್ಲಿ ಮೂರೂ ಕೌದಿ ನನ್ನ ಕೆಳಗಿದ್ದವು, ಪೆಟ್ಟು ಅವುಗಳನ್ನು ದಾಟಿ ಬರುತ್ತಲೇ ಇತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆಯಲ್ಲ. ಹೋಗುವಾಗ ಇಷ್ಟು, ಬರುವಾಗ ಇಷ್ಟು, ವಾರಕ್ಕೆ ಎರಡು ಸಲ. ಅಕ್ಕ ಒಂದು ಮಾತು ಹೇಳಿದ್ದರೆ ನಾನೇ ಆ ಎಣ್ಣೆಯನ್ನು ಬೀದಿಗೆ ಚೆಲ್ಲುತ್ತಿದ್ದೆ. ಹೇಳಲು ನಾನು ಬಿಡಬೇಕಿತ್ತಲ್ಲ! ಪ್ರತಿ ಬೆಳಿಗ್ಗೆ ಪೇಪರು ಹಿಡಿದು ಕುಣಿಯುತ್ತಿದ್ದೆ.

"ನಿಲ್ಲಸ್ರಿ" ಎಂದೆ. ಊರಾಚೆ ಬೇವಿನ ಗಿಡದ ಹತ್ತಿರ ನಿಲ್ಲಿಸಿದರು. ನಾನು ಇಳಿದು ಹಿಂದಿನ ಬಾಗಿಲಿಗೆ ತಲೆ ಆನಿಸಿ ಅತ್ತೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಗಾಡಿಗೇ ಏನೋ ಆಗಿರಬೇಕೆಂದು ರಸ್ತೆಯ ಮೇಲೆ ಮಂಡಿಯೂರಿ, ಒಂದೊಂದು ಗಾಲಿಯ ಒಳಗೂ ಕೈ ಹಾಕಿ ಸವರಿ ನೋಡಿದರು. ಆಮೇಲೆ ಒಣಗಿದ ಬೆರಳುಗಳನ್ನು ನನಗೆ ತೋರಿಸುತ್ತ ಸಮಾಧಾನದ ದನಿಯಲ್ಲಿ ಹೇಳಿದರು:

"ಏನೂ ಆಗಿಲ್ರಿ. ಒಂದ ಹನಿ ಸೋರಿಲ್ಲ. ಭಾಳ ಛಲೋ ಕೆಲಸ ಮಾಡಿಸೀರಿ."