ನಾನು ಮಾಡದ ಜಪ

ನಮ್ಮ ಟ್ರೈನ್ ಗ್ರೂಪಿನ ಹೆಂಗಸರು ನನ್ನನ್ನು ದೊಡ್ಡ ದೈವಭಕ್ತೆ ಎಂದುಕೊಂಡಿದ್ದರು. ನನ್ನನ್ನು ಬಲ್ಲವರು ಇದನ್ನು ಕೇಳಿದರೆ ನಗುತ್ತಾರೆ. ಮೈಸೂರಿನಲ್ಲಿ ಅಮ್ಮ ಹೇಳಿಕೊಟ್ಟ ಶ್ಲೋಕಗಳಲ್ಲಿ ಒಂದೂ ನನಗೆ ಕೊನೆಯವರೆಗೆ ಬಾರದು. ದೇವಸ್ಥಾನದ ಕ್ಯೂ ಕಂಡರೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಇನ್ನೂ ಬಹಳ ವಿಷಯಗಳಿಗೆ ಬರುತ್ತದೆ, ಅದು ಬೇರೆ ಮಾತು.

ಮನೆ ಠಾಣೆ ಪಟ್ಟಣದ ವರ್ತಕ ನಗರದಲ್ಲಿ, ಕೆಲಸ ಮಹಾಪೆಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಬೆಳಿಗ್ಗೆ ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಘಣಸೋಲಿಯಲ್ಲಿ ಇಳಿಯುತ್ತೇನೆ. ಲೇಡೀಸ್ ಡಬ್ಬಿಯ ಒಂದೇ ಮೂಲೆಯಲ್ಲಿ ವರ್ಷಗಳಿಂದ ಅದೇ ಮುಖಗಳು. ಡೊಂಬಿವಲಿಯಿಂದ ಬರುವ ಹಿರಿಯ ಮರಾಠಿ ಹೆಂಗಸನ್ನು ನಾವೆಲ್ಲ ಕಾಕು ಎನ್ನುತ್ತೇವೆ. ಕಲ್ಯಾಣದಿಂದ ಬರುವ ಉಡುಪಿ ಕಡೆಯ ಹುಡುಗಿಯದು ಮನೆಯಲ್ಲಿ ತುಳು, ನನ್ನೊಡನೆ ಕನ್ನಡ, ಉಳಿದವರೊಡನೆ ಹಿಂದಿ. ಅದೇ ಮೂಲೆಯಲ್ಲಿ ಬೀನ್ಸ್ ನಾರು ತೆಗೆಯುವುದು, ಅತ್ತೆಯನ್ನು ಬೈಯುವುದು, ಮೊಬೈಲ್ ನೋಡಿ ಸ್ತೋತ್ರ ಓದುವುದು, ಬೆರಳ ಗೆಣ್ಣಿನ ಮೇಲೆ ಎಣಿಸುತ್ತಾ ಜಪ ಮಾಡುವುದು ಎಲ್ಲವೂ ನಡೆಯುತ್ತದೆ. ಮನೆಯಲ್ಲಿ ದೇವರ ಮುಂದೆ ಕೂರಲು ಹೊತ್ತಿಲ್ಲದವರಿಗೆ ಈ ಪ್ರಯಾಣವೇ ಪೂಜೆಯ ಸಮಯ. ಜಪಕ್ಕೆ ಕೂತವರನ್ನು ಮಾತಾಡಿಸಬಾರದು ಎಂಬುದು ಅಲ್ಲಿನ ಕಟ್ಟಳೆ.

ನವರಾತ್ರಿಯಲ್ಲಿ ಡಬ್ಬಿಯೊಳಗೆ ದೇವಿಯ ಫೋಟೋ ಕಟ್ಟಿ ಚೆಂಡುಹೂವಿನ ಹಾರ ಹಾಕುತ್ತಾರೆ. ಟ್ರೈನಿನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಆರತಿಗೆ ಬ್ಯಾಟರಿ ದೀಪ. ಎರಡು ವರ್ಷದ ಹಿಂದೆ ಆ ಆರತಿ ತಟ್ಟೆಯನ್ನು ಕಾಕು ನೇರವಾಗಿ ನನ್ನ ಕೈಗೆ ಕೊಟ್ಟು, "ತೂಚ್ ಕರ್," ಎಂದರು. ನೀನೇ ಮಾಡು ಎಂದು. ನಾನ್ಯಾಕೆ ಎಂದೆ.

"ನಮ್ಮಲ್ಲಿ ನಿಮ್ಮಷ್ಟು ಜಪ ಮಾಡುವವರು ಯಾರುಂಟು ಅಕ್ಕಾ?" ಎಂದಳು ಕಲ್ಯಾಣದ ಹುಡುಗಿ.

"ನಾನ್ಯಾವಾಗ ಜಪ ಮಾಡ್ದೆ?"

"ಅಯ್ಯೋ, ಮೊನ್ನೆ ಸಹ ಮಾಡ್ತಾ ಇದ್ರಿ. ಹೆಬ್ಬೆರಳು ಬೆರಳಿನ ಮೇಲೆ ಹೋಗ್ತಾ ಇತ್ತು, ತುಟಿ ಅಲ್ಲಾಡ್ತಾ ಇತ್ತು. ಕರೆದ್ರೂ ಕೇಳುದಿಲ್ಲ ನಿಮಗೆ. ಅಷ್ಟು ಒಳಗೆ ಹೋಗಿರ್ತೀರಿ. ಕೆಲವು ಸಲ ಘಣಸೋಲಿ ಬಂದಾಗ ನಾವೇ ಭುಜ ಹಿಡಿದು ಎಬ್ಬಿಸುದಿಲ್ವಾ?"

ಭುಜ ಹಿಡಿದು ಎಬ್ಬಿಸಿದ್ದು ನನಗೆ ಗೊತ್ತಿತ್ತು. ತೂಕಡಿಸಿದ್ದೇನೆ ಎಂದುಕೊಂಡಿದ್ದೆ. ತಟ್ಟೆ ಹಿಡಿದುಕೊಂಡೇ ನಿಂತೆ. ಆ ತೂಕಡಿಕೆಗೆ ಮೊದಲು ಏನಾಗುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ. ಹೊಟ್ಟೆಯ ತಳದಿಂದ ಏನೋ ಎದ್ದು ಗಂಟಲ ಹತ್ತಿರ ಬಂದು ನಿಲ್ಲುತ್ತಿತ್ತು. ಕಾರಣವಿಲ್ಲದ ಒಂದು ಭಯ. ಇದೇ ಸೀಟು, ಇದೇ ಬಿಸಿಲು, ಎದುರಿನವಳ ಇದೇ ಮಾತು, ಎಲ್ಲವೂ ಹಿಂದೊಮ್ಮೆ ಹೀಗೇ ನಡೆದಿದೆ ಅನ್ನಿಸುತ್ತಿತ್ತು. ನಾನು ಅದನ್ನು ಆಸಿಡಿಟಿ ಎಂದು ತೀರ್ಮಾನಿಸಿ ಜೀರಿಗೆ ಕಷಾಯ ಕುಡಿಯುತ್ತಿದ್ದೆ.

ಆರತಿ ಕಾಕುವೇ ಮಾಡಿದರು. ಸಂಜೆ ಮನೆಯಲ್ಲಿ ಹೇಳಿದಾಗ ಮಗಳು, "ಮಮ್ಮೀ, ತೂ ಔರ್ ಜಪ್?" ಎಂದು ಬಿದ್ದು ಬಿದ್ದು ನಕ್ಕಳು. ನನ್ನ ಗಂಡ ನಗಲಿಲ್ಲ. ಬ್ಯಾಂಕಿನ ಮನುಷ್ಯ, ತಾಳೆಯಾಗದ್ದನ್ನು ಬಿಟ್ಟು ಮುಂದೆ ಹೋಗಲಾರರು. ಮರುದಿನವೇ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು.

ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರು, ತಲೆಗೆ ತಂತಿ ಅಂಟಿಸಿ ಇಇಜಿ ಮಾಡಿಸಿದರು. ಆಮೇಲೆ, "ಕಣ್ಣಾರೆ ನೋಡಿದವರು ಯಾರು?" ಎಂದು ಕೇಳಿದರು. ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಿದ್ದೆ ಕಡಿಮೆಯಾದ ದಿನ ಬೆಳಗಿನ ಹೊತ್ತೇ ಅದು ಬರುತ್ತಿದ್ದುದರಿಂದ ಎಲ್ಲವೂ ಟ್ರೈನಿನಲ್ಲೇ ಆಗಿತ್ತು. ಮುಂದಿನ ಸಲ ಕಲ್ಯಾಣದ ಹುಡುಗಿ ಅರ್ಧ ದಿನ ರಜೆ ಹಾಕಿ ನಮ್ಮ ಜೊತೆ ಬಂದಳು. ಡಾಕ್ಟರ ಎದುರು ಕುರ್ಚಿಯಲ್ಲಿ ಕೂತು ನನ್ನ ಹಾಗೇ ಮಾಡಿ ತೋರಿಸಿದಳು. ಕಣ್ಣು ಒಂದೇ ಕಡೆ ನೆಟ್ಟು, ತುಟಿ ಚಪ್ಪರಿಸಿ, ಉಗುಳು ನುಂಗಿ, ಬಲಗೈಯ ಬೆರಳು ಉಜ್ಜಿ ತೋರಿಸಿದಳು. ನಾನು ನನ್ನನ್ನೇ ಮೊದಲ ಸಲ ನೋಡಿದೆ. ನಾಚಿಕೆಯಾಯಿತು, ಆದರೂ ಕಣ್ಣು ತೆಗೆಯಲಾಗಲಿಲ್ಲ.

"ಆಗ ಎಡಗೈ ಏನು ಮಾಡ್ತಿರುತ್ತೆ?" ಎಂದರು ಡಾಕ್ಟರು. ಬೆಂಗಳೂರಿನವರು, ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಎಡಗೈ ಮಡಚಿಕೊಂಡು ಗಟ್ಟಿಯಾಗಿ ಇರ್ತದೆ. ಬೆರಳು ಒಂಥರಾ ತಿರುಚಿಕೊಂಡು. ನಾವು ಮುದ್ರೆ ಅಂತ ಮಾಡಿದ್ದೆವು."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ನಂತರ ಗಂಭೀರವಾಗಿ, ನನ್ನದು ಟೆಂಪೊರಲ್ ಲೋಬಿನ, ಅಂದರೆ ಕಿವಿಯ ಪಕ್ಕದ ಮಿದುಳಿನ ಭಾಗದ ಅಪಸ್ಮಾರ, ಶುರುವಾಗುವುದು ಬಲಗಡೆಯಿಂದ ಎಂದರು. ಸ್ಕ್ಯಾನೂ ಅದನ್ನೇ ಹೇಳುತ್ತಿತ್ತು. ಬಲಗಿವಿಯಿಂದ ಒಳಕ್ಕೆ, ನೆನಪನ್ನು ನೋಡಿಕೊಳ್ಳುವ ಬೆರಳಷ್ಟು ಜಾಗದಲ್ಲಿ ಹಳೆಯ ಗಾಯದ ಕಲೆ. ಮಗುವಾಗಿದ್ದಾಗ ಜ್ವರ ಏರಿ ನನಗೆ ಫಿಟ್ಸ್ ಬಂದಿತ್ತಂತೆ, ಅದರ ಗುರುತಿರಬಹುದು.

ಅವರು ಹೇಳಿದ್ದನ್ನು ನಾನು ನಮ್ಮ ಹೌಸಿಂಗ್ ಸೊಸೈಟಿಯ ಗಾಳಿಸುದ್ದಿಯ ಹಾಗೆ ಅರ್ಥ ಮಾಡಿಕೊಂಡೆ. ಸುದ್ದಿ ಹುಟ್ಟುವುದು ಒಂದು ಫ್ಲಾಟಿನ ಅಡುಗೆಮನೆಯಲ್ಲಿ. ಅಲ್ಲೇ ಇರುವಷ್ಟು ಹೊತ್ತು ಗೊತ್ತಿರುವುದು ಆ ಮನೆಯವರಿಗೆ ಮಾತ್ರ. ನನ್ನ ಹೊಟ್ಟೆಯ ಸಂಕಟ, ಹಿಂದೊಮ್ಮೆ ನಡೆದಿದೆ ಎಂಬ ಭಾವನೆ ಅಷ್ಟರ ಮಟ್ಟದ್ದು. ಪಕ್ಕದಲ್ಲೇ ಭಯದ ಮನೆ, ಬಾಗಿಲು ತಟ್ಟಲು ಹೊತ್ತು ಬೇಕಿಲ್ಲ. ಮುಂದೆ ಅದೇ ಮಹಡಿಯಲ್ಲಿ ಹರಡಿದರೆ ತುಟಿ ಚಪ್ಪರಿಸುವುದು, ಬೆರಳು ಉಜ್ಜುವುದು. ಕೆಳಗಿನ ಮಹಡಿಗೆ ಇಳಿದರೆ ಎಡಗೈ ಬಿಗಿಯುವುದು, ಏಕೆಂದರೆ ಬಲ ಮಿದುಳಿನ ಆಡಳಿತ ಎಡ ಮೈಯ ಮೇಲೆ. ಆಚೆ ಬದಿಯ ಎಡ ಮಿದುಳಿಗೂ ಸುದ್ದಿ ಮುಟ್ಟಿತೋ, ಎಚ್ಚರ ಮಬ್ಬಾಗುತ್ತದೆ. ನೆನಪನ್ನು ಬರೆದಿಡಬೇಕಾದ ಜಾಗವೇ ಗಲಾಟೆಯಲ್ಲಿ ಸಿಕ್ಕಿಕೊಂಡಿರುವಾಗ ಇನ್ನು ಬರೆದಿಡುವವರು ಯಾರು? ನನಗೆ ಏನೂ ನೆನಪಿರದಿದ್ದುದು ಅದಕ್ಕೇ. ಪೂರ್ತಿ ಹರಡಿ ಇಡೀ ಮಿದುಳನ್ನು ಹಿಡಿದರೆ ಮಾತ್ರ ನೆಲಕ್ಕೆ ಬಿದ್ದು ಒದ್ದಾಡುವ ಫಿಟ್ಸ್. ಅಲ್ಲಿಯವರೆಗೆ ನನ್ನದು ಹೋಗಿರಲಿಲ್ಲ.

"ಮಾತ್ರೆಯಿಂದ ಕಿಡಿಯೇ ಹುಟ್ಟದ ಹಾಗೆ ಮಾಡೋಕೆ ಆಗದೇ ಇರಬಹುದು. ಹರಡದ ಹಾಗೆ ತಡೆಯೋಕೆ ನೋಡೋಣ," ಎಂದರು ಡಾಕ್ಟರು. "ಅಲ್ಲಿವರೆಗೂ ಒಬ್ಬರೇ ಓಡಾಡಬೇಡಿ. ಪ್ಲಾಟ್‌ಫಾರ್ಮ್ ಅಂಚಲ್ಲಿ ಬಂದರೆ ಕಷ್ಟ."

ನನ್ನ ಗಂಡ ಹೊರಗೆ ಬಂದವರೇ ಕೆಲಸ ಬಿಟ್ಟುಬಿಡು ಎಂದರು. ನಾನು ಆಸ್ಪತ್ರೆಯ ಲಿಫ್ಟಿನಲ್ಲೇ ಜಗಳ ತೆಗೆದೆ. ಮಹಾಪೆಯ ಕೆಲಸವೇನೂ ಸ್ವರ್ಗವಲ್ಲ. ಆದರೆ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಯಾರ ಅಪ್ಪಣೆಯೂ ಇಲ್ಲದೆ ಒಬ್ಬಳೇ ಹೊರಡುವುದಿದೆಯಲ್ಲ, ಅದನ್ನು ಬಿಟ್ಟುಕೊಟ್ಟರೆ ನನ್ನಲ್ಲಿ ಉಳಿಯುವುದು ಸಿಟ್ಟೊಂದೇ ಎಂದು ನನಗೆ ಹೆದರಿಕೆಯಾಗಿತ್ತು. ಅದನ್ನೇ ಹೇಳಿದೆ. ಲಿಫ್ಟಿನಲ್ಲಿದ್ದ ಕಲ್ಯಾಣದ ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

ನಾನು ಕೆಲಸ ಬಿಡಲಿಲ್ಲ. ಮರುದಿನದಿಂದ ಗಂಡ ನನ್ನ ಜೊತೆ ಹೊರಟರು. ಲೇಡೀಸ್ ಡಬ್ಬಿಗೆ ಗಂಡಸರು ಹತ್ತುವಂತಿಲ್ಲ. ನನ್ನನ್ನು ಗ್ರೂಪಿಗೆ ಒಪ್ಪಿಸಿ ತಾವು ಪಕ್ಕದ ಡಬ್ಬಿಯಲ್ಲಿ ನೇತಾಡುತ್ತಾ ಘಣಸೋಲಿಗೆ ಬಂದು, ಮಹಾಪೆಯ ರಿಕ್ಷಾದಲ್ಲಿ ಕೂರಿಸಿ, ಠಾಣೆಯ ಬ್ಯಾಂಕಿಗೆ ವಾಪಸು ಓಡುತ್ತಿದ್ದರು. ಸಂಜೆ ಮತ್ತೆ ಹಾಜರು. ರಗಳೆ ಎನ್ನಿಸಿದರೂ ಪಾಪ ಎನ್ನಿಸುತ್ತಿತ್ತು.

ಗ್ರೂಪಿನವರಿಗೆ ಡಾಕ್ಟರು ಹೇಳಿಕಳಿಸಿದ್ದು ಇಷ್ಟೇ: ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಅದು ಬಂದಾಗ ಒಂದು ಪದ ಹೇಳಿ, ಮುಗಿದ ಮೇಲೆ ಅದೇನೆಂದು ಕೇಳಿ. ಪದ ನೆನಪಿದ್ದರೆ ಅದು ಹರಡಿಲ್ಲವೆಂದು ಅರ್ಥ. ಇಷ್ಟು ಸಾಕಾಯಿತು. ನಾನು ಕಣ್ಣು ಮುಚ್ಚಿದರೆ ಎಂಟು ಕೈ ನನ್ನನ್ನು ಅಲುಗಾಡಿಸುತ್ತಿದ್ದವು. ಭಕ್ತೆಯಾಗಿದ್ದಾಗ ನನಗೆ ಹೆಚ್ಚು ನೆಮ್ಮದಿಯಿತ್ತು.

ಮೊದಮೊದಲು ಪದಗಳು ನೆನಪಿನಲ್ಲಿ ನಿಲ್ಲಲಿಲ್ಲ. ಒಮ್ಮೆ ಕಾಕು ಪದ ಹೇಳಿದ್ದೇ ನನಗೆ ಗೊತ್ತಾಗಲಿಲ್ಲ. ಡಾಕ್ಟರು ಮಾತ್ರೆ ಏರಿಸಿದರು, ಮತ್ತೊಂದನ್ನು ಸೇರಿಸಿದರು. ತಲೆ ಸುತ್ತಿತು, ಅಭ್ಯಾಸವಾಯಿತು. ಅನೇಕ ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಐರೋಲಿ ದಾಟುವಾಗ ಹೊಟ್ಟೆಯಿಂದ ಅದು ಎದ್ದಿತು. ಬಂತು ಎಂದೆ. ಕಲ್ಯಾಣದ ಹುಡುಗಿ ಬಗ್ಗಿ ಕಿವಿಯ ಹತ್ತಿರ ಏನೋ ಹೇಳಿದಳು. ಅದು ಗಂಟಲವರೆಗೆ ಏರಿತು, ಭಯವನ್ನೂ ಕರೆತಂದಿತು, ಅಲ್ಲೇ ನಿಂತಿತು. ನಿಂತು, ನಿಂತು, ಇಳಿದುಹೋಯಿತು.

"ಅಕ್ಕಾ, ನಾನು ಹೇಳಿದ್ದು ಎಂತ?"

"ಬಂಗುಡೆ," ಎಂದೆ. "ಬೆಳಗಾಗೆದ್ದು ನಮ್ಮಂಥವರ ಕಿವೀಲಿ ಮೀನಿನ ಹೆಸರು ಹೇಳ್ತೀಯಲ್ಲ, ಬೇರೆ ಪದ ಸಿಗಲಿಲ್ವಾ ನಿನಗೆ?"

ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. ಕಾಕು ಎಲ್ಲರಿಗೂ ಶೇಂಗಾ ಚಿಕ್ಕಿ ಹಂಚಿದರು. ನನಗೂ ಅಳು ಬಂತು, ಆದರೆ ಬೈಗುಳ ಮುಗಿದಿರಲಿಲ್ಲವಾದ್ದರಿಂದ ಅದನ್ನೇ ಮುಂದುವರಿಸಿದೆ.

ಆ ಶನಿವಾರ ಡಾಕ್ಟರು ಎಲ್ಲವನ್ನೂ ಕೇಳಿಕೊಂಡು, ಹರಡುವುದು ನಿಂತಿದೆ, ಇನ್ನು ಒಬ್ಬರೇ ಹೋಗಬಹುದು, ಬಾಗಿಲಲ್ಲಿ ನಿಲ್ಲಬೇಡಿ, ಮಾತ್ರೆ ತಪ್ಪಿಸಬೇಡಿ ಎಂದರು. ಸೋಮವಾರ ಬೆಳಿಗ್ಗೆ ನಾನು ಊಟದ ಡಬ್ಬಿ ಕಟ್ಟಿಕೊಳ್ಳುವಾಗ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಇವತ್ತು ನಾನು ಬರಲ್ಲ. ನೀನೇ ಹೋಗು," ಎಂದರು.

"ಹುಷಾರಾಗಿ ಹೋಗ್ತೀನಿ ರೀ," ಎಂದೆ. ಜಗಳವಿಲ್ಲದೆ ಅವರಿಗೆ ನಾನು ಉತ್ತರ ಕೊಟ್ಟದ್ದು ಬಹಳ ಕಾಲದ ಮೇಲೆ.

ಇವರು ಮಾತಿಗೆ ಹೀಗೆನ್ನುತ್ತಾರೆ, ಹಿಂದಿನಿಂದ ಇನ್ನೊಂದು ರಿಕ್ಷಾ ಹತ್ತಿ ಬರುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ತಿರುಗಿ ನೋಡಿದೆ. ಜನದ ನಡುವೆ ಅವರ ನೀಲಿ ಅಂಗಿಯನ್ನು ಹುಡುಕಿದೆ. ಟ್ರೈನ್ ಹತ್ತಿದ ಮೇಲೂ ಕಿಟಕಿಯಿಂದ ಕತ್ತು ಉದ್ದ ಮಾಡಿ ಪಕ್ಕದ ಡಬ್ಬಿಯ ಬಾಗಿಲು ನೋಡಿದೆ. ಅವರು ನಿಜವಾಗಿಯೂ ಬಂದಿರಲಿಲ್ಲ.